ಹತ್ತು ಚದರ ಮೀಟರಿನ ಸುರಕ್ಷತೆ

ಔಷಧ ಅಂಗಡಿಯ ಪರವಾನಗಿ ನಿಯಮ ಬಿಗಿಯಾದಷ್ಟೂ ಜನರ ಜೀವ ಭದ್ರ ಎಂಬ ನಂಬಿಕೆ ಆಡಳಿತದಲ್ಲೂ ವೈದ್ಯವೃತ್ತಿಯಲ್ಲೂ ಓದಿದವರ ಮಾತುಕತೆಯಲ್ಲೂ ಬೇರೂರಿದೆ. ಅದರ ಪ್ರಕಾರ ಅಡ್ರಿನಲಿನ್‌ನಂಥ ಚುಚ್ಚುಮದ್ದು ಆಸ್ಪತ್ರೆಯೊಳಗೇ ಇರಬೇಕು, ವೈದ್ಯರ ಚೀಟಿಯಿಲ್ಲದೆ ಕೈ ಬದಲಾಗಬಾರದು, ಶಾಲೆಯಲ್ಲಾಗಲಿ ಹೋಟೆಲಿನಲ್ಲಾಗಲಿ ಅದಕ್ಕೆ ಕೆಲಸವಿಲ್ಲ. ತೀವ್ರ ಅಲರ್ಜಿಯ ವಿಷಯದಲ್ಲಿ ಈ ನಂಬಿಕೆ ಪೂರ್ತಿ ತಪ್ಪು. ಈಗಿರುವ ಬಿಗಿ ಅಪಾಯವನ್ನು ತಡೆಯುತ್ತಿಲ್ಲ, ಮದ್ದನ್ನು ತಡೆಯುತ್ತಿದೆ. ಹಾಗೆಂದು ನಿಯಮವನ್ನೇ ಕಿತ್ತುಹಾಕಬೇಕಿಲ್ಲ; ಬಿಗಿ ಇರಬೇಕಾದ ಜಾಗ ಬೇರೆ.

ಕಾಯಿಲೆ ಮತ್ತು ಗಡಿಯಾರ

ತೀವ್ರ ಅಲರ್ಜಿಗೆ ವೈದ್ಯಶಾಸ್ತ್ರ ಕೊಟ್ಟ ಹೆಸರು ಅನಾಫಿಲ್ಯಾಕ್ಸಿಸ್. ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ 1902ರಲ್ಲಿ ಇದನ್ನು ವಿವರಿಸಿದರು. ಇದೇ ಕೆಲಸಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಬಂತು. ಮೈಗೆ ಒಗ್ಗದ ವಸ್ತು ಒಳಸೇರಿದಾಗ ಮಾಸ್ಟ್ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಗೇ ಚೆಲ್ಲುತ್ತವೆ. ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಬಾತುಕೊಳ್ಳುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಜನ ಪಿತ್ತದ ಗಂಧೆ ಎಂದು ಕರೆಯುವ ದದ್ದು ಇದರ ಒಂದು ಲಕ್ಷಣವಷ್ಟೆ. ಕೆಲವರಲ್ಲಿ ದದ್ದೇ ಕಾಣಿಸದೆ ಉಸಿರು ಕಟ್ಟುತ್ತದೆ.

ಇದರಿಂದ ಸತ್ತವರ ದಾಖಲೆಗಳನ್ನು ಬ್ರಿಟನ್ನಿನ ರಿಚರ್ಡ್ ಪಂಫ್ರಿ ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳನ್ನು ವೈದ್ಯಲೋಕ ಇಂದಿಗೂ ಉಲ್ಲೇಖಿಸುತ್ತದೆ. ಉಸಿರು ಅಥವಾ ಹೃದಯ ನಿಲ್ಲುವುದಕ್ಕೆ ಹಿಡಿದ ಸಮಯದ ಮಧ್ಯಾಂಕ ಆಹಾರದ ಅಲರ್ಜಿಯಲ್ಲಿ 30 ನಿಮಿಷ, ಕೀಟದ ಕಡಿತದಲ್ಲಿ 15 ನಿಮಿಷ, ಚಿಕಿತ್ಸೆಗೆಂದು ಕೊಟ್ಟ ಔಷಧದಿಂದಾದರೆ 5 ನಿಮಿಷ. ಪರವಾನಗಿ ನಿಯಮದ ಯಾವುದೇ ಚರ್ಚೆ ಈ ಮೂರು ಅಂಕಿಗಳಿಂದ ಶುರುವಾಗಬೇಕು. ಕಾಲು ಗಂಟೆಯಲ್ಲಿ ಕೊಲ್ಲಬಲ್ಲ ಕಾಯಿಲೆಗೆ ಒಂದು ಗಂಟೆಯಲ್ಲಿ ಸಿಗುವ ಮದ್ದು ಸಿಕ್ಕೂ ಸಿಗದಂತೆ.

ಆ ಮದ್ದು ಅಡ್ರಿನಲಿನ್. ಜಪಾನಿನ ಜೊಕಿಚಿ ತಕಮಿನೆ ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ಶತಮಾನವೇ ದಾಟಿದೆ. ಅದು ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಶ್ವಾಸನಾಳವನ್ನು ತೆರೆಯುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಚೆಲ್ಲದಂತೆ ತಡೆಯುತ್ತದೆ. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಚುಚ್ಚಬೇಕು. ಪ್ರಮಾಣ ದೇಹತೂಕದ ಒಂದು ಕಿಲೋಗೆ 0.01 ಮಿಲಿಗ್ರಾಂ, ದೊಡ್ಡವರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂ. ಗುಣ ಕಾಣದಿದ್ದರೆ ಐದರಿಂದ ಹದಿನೈದು ನಿಮಿಷದೊಳಗೆ ಮತ್ತೊಮ್ಮೆ ಕೊಡಬಹುದು. ಒಂದು ಮಿಲಿಲೀಟರಿನ ಆಂಪೂಲಿನಲ್ಲಿ ಒಂದು ಮಿಲಿಗ್ರಾಂ ಮದ್ದಿರುತ್ತದೆ, ಅಂದರೆ ದೊಡ್ಡವರ ಎರಡು ಡೋಸು. ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಬೆಲೆಯ ಮೇಲೆ ಸರ್ಕಾರದ ಮಿತಿ ಇದೆ. ಒಂದು ಆಂಪೂಲು ಹೋಟೆಲಿನ ಒಂದು ಊಟಕ್ಕಿಂತ ಅಗ್ಗ.

ಆದರೂ ಅಲರ್ಜಿ ಎಂದೊಡನೆ ನಾಡಿನಲ್ಲಿ ಮೊದಲು ಕೈಗೆ ಬರುವುದು ಏವಿಲ್ ಅಥವಾ ಸೆಟ್ರಿಜಿನ್. ಅದರ ಹಿಂದೆ ಸ್ಟಿರಾಯ್ಡ್ ಚುಚ್ಚುಮದ್ದು. ಏವಿಲ್, ಸೆಟ್ರಿಜಿನ್‌ಗಳಂಥ ಹಿಸ್ಟಮಿನ್ ವಿರೋಧಿ ಮಾತ್ರೆ ತುರಿಕೆಯನ್ನೂ ದದ್ದನ್ನೂ ಇಳಿಸುತ್ತದೆ. ಬಾತ ಗಂಟಲನ್ನು ಬಿಡಿಸುವ, ಕುಸಿದ ರಕ್ತದೊತ್ತಡವನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ಸ್ಟಿರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಜೀವ ಉಳಿಸದ ಮದ್ದು ಬೀದಿಗೊಂದು ಅಂಗಡಿಯಲ್ಲಿ ಕೇಳಿದೊಡನೆ ಸಿಗುತ್ತದೆ. ಜೀವ ಉಳಿಸುವ ಮದ್ದಿಗೆ ಆಸ್ಪತ್ರೆಯ ಬಾಗಿಲವರೆಗೂ ಹೋಗಬೇಕು.

ಇದು ನಮ್ಮ ಕಾಯಿಲೆಯಲ್ಲ ಎಂಬ ವಾದ

ಅಲರ್ಜಿ ಶ್ರೀಮಂತ ದೇಶಗಳ ಕಾಯಿಲೆ, ಇಲ್ಲಿನ ಮಣ್ಣಿನಲ್ಲಿ ಆಡಿ ಬೆಳೆದ ಮಕ್ಕಳಿಗೆ ಅದಿಲ್ಲ ಎನ್ನುವುದು ಪೂರ್ವಪಕ್ಷದ ಮೊದಲ ಮಾತು. ಇದಕ್ಕೆ ಕರ್ನಾಟಕದಲ್ಲೇ ಪುರಾವೆ ಹುಡುಕಬಹುದು. ಯುರೋಪ್ರಿವಾಲ್ ಎಂಬ ಅಂತಾರಾಷ್ಟ್ರೀಯ ಯೋಜನೆಯಡಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಸಮೀಕ್ಷೆ ವಯಸ್ಕರಲ್ಲಿ ಸುಮಾರು 1.2 ಶೇಕಡಾ ಮಂದಿಗೆ ಆಹಾರದ ಅಲರ್ಜಿ ಇರುವ ಸಂಭವವನ್ನು ಗುರುತಿಸಿತು. ಅದೇ ಯೋಜನೆಯ ಮಕ್ಕಳ ಸಮೀಕ್ಷೆಯಲ್ಲಿ ಭಾರತದ ಅಂಕಿ 0.14 ಶೇಕಡಾ; ಹಾಂಗ್‌ಕಾಂಗ್‌ನದು 1.5. ಇಲ್ಲಿನ ಮಕ್ಕಳಲ್ಲಿ ಆಹಾರದ ಅಲರ್ಜಿ ಕಡಿಮೆ ಎಂಬುದು ನಿಜ. ಆದರೆ 0.14 ಶೇಕಡಾ ಎಂದರೆ ಸಾವಿರ ಮಕ್ಕಳಲ್ಲಿ ಒಬ್ಬರೋ ಇಬ್ಬರೋ. ಸಾವಿರ ಮಕ್ಕಳಿರುವ ಶಾಲೆ ಬೆಂಗಳೂರಿನ ದಕ್ಷಿಣದಲ್ಲಿ ಅಪರೂಪವೇನಲ್ಲ.

ಆಹಾರವೊಂದೇ ಕಾರಣವೂ ಅಲ್ಲ. ಹೆಜ್ಜೇನು, ಕಣಜ, ಆಂಟಿಬಯಾಟಿಕ್, ನೋವಿನ ಚುಚ್ಚುಮದ್ದು, ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಯಾವುದರಿಂದಲೂ ಅನಾಫಿಲ್ಯಾಕ್ಸಿಸ್ ಆಗಬಹುದು. ಬೆಂಗಳೂರಿನ ಕನಕಪುರ ರಸ್ತೆಯ ತಲಘಟ್ಟಪುರವನ್ನೇ ನೋಡಬಹುದು. ಒಂದು ಕಡೆ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಹಿಪ್ಪುನೇರಳೆ ತೋಟ, ಹತ್ತಿರದಲ್ಲೇ ತುರಹಳ್ಳಿ ಕಾಡು, ಸುತ್ತ ಹೊಸ ಬಡಾವಣೆಗಳ ಎತ್ತರದ ಕಟ್ಟಡಗಳು. ಹೆಜ್ಜೇನಿಗೆ ಬಂಡೆಯಾದರೂ ಸರಿ, ಹನ್ನೆರಡನೆಯ ಮಹಡಿಯ ಬಾಲ್ಕನಿಯ ಅಡಿಯಾದರೂ ಸರಿ. ಹಳ್ಳಿಯ ಅಪಾಯ ಇನ್ನೂ ಹೋಗಿಲ್ಲ, ನಗರದ ಅಪಾಯ ಆಗಲೇ ಬಂದಿದೆ.

ಸರ್ಕಾರದ ಸ್ವಂತ ಯೋಜನೆಗಳೂ ಈ ವಾದಕ್ಕೆ ಉತ್ತರ ಕೊಡುತ್ತವೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆ ಶಾಲೆಯ ಮಕ್ಕಳಿಗೆ ಹಾಲು ಕೊಡುತ್ತದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರ ಸೆಪ್ಟೆಂಬರಿನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡುವ ದಿನಗಳು ವಾರದಲ್ಲಿ ಆರಕ್ಕೆ ಏರಿದವು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ಜೊತೆ ಕೆಲಕಾಲ ಶೇಂಗಾ ಚಿಕ್ಕಿಯ ಆಯ್ಕೆಯೂ ಇತ್ತು. ಹಸಿದ ಮಕ್ಕಳಿಗೆ ಇದು ಬೇಕಾದ ಆಹಾರ, ಅದರ ಬಗ್ಗೆ ತಕರಾರಿಲ್ಲ. ಆದರೆ ಹಾಲು, ಮೊಟ್ಟೆ, ಶೇಂಗಾ ಮೂರೂ ಪ್ರಪಂಚದ ಎಲ್ಲ ಅಲರ್ಜಿ ಪಟ್ಟಿಗಳ ಮೇಲ್ಭಾಗದಲ್ಲಿರುವ ಹೆಸರುಗಳು. ಲಕ್ಷಾಂತರ ಮಕ್ಕಳಿಗೆ ಇವನ್ನು ಬಡಿಸುವ ಸರ್ಕಾರ ಶಾಲೆಯ ಕಟ್ಟಡದಲ್ಲಿ ಒಂದು ಆಂಪೂಲು ಅಡ್ರಿನಲಿನ್ ಇಡುವ ನಿಯಮ ಮಾಡಿಲ್ಲ. ನಮ್ಮಲ್ಲಿ ಅಲರ್ಜಿಯೇ ಇಲ್ಲ ಎಂಬ ಊಹೆಯ ಮೇಲೆ ಅಡುಗೆಮನೆ ನಡೆಸುವುದಕ್ಕೆ ಸುರಕ್ಷತೆ ಎಂಬ ಹೆಸರು ಒಪ್ಪುವುದಿಲ್ಲ.

ಪರವಾನಗಿ ಏನನ್ನು ಕೇಳುತ್ತದೆ

ಔಷಧ ಮಾರಾಟವನ್ನು ಆಳುವುದು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ 1945ರ ನಿಯಮಗಳು. ಕಾಯ್ದೆ ಕೇಂದ್ರದ್ದು, ಪರವಾನಗಿ ಕೊಡುವ ಅಧಿಕಾರಿ ರಾಜ್ಯದವರು. ಚಿಲ್ಲರೆ ಅಂಗಡಿಗೆ 20 ಮತ್ತು 21ನೆಯ ನಮೂನೆಯಲ್ಲಿ ಪರವಾನಗಿ ಸಿಗುತ್ತದೆ. ಅಂಗಡಿ ಹತ್ತು ಚದರ ಮೀಟರಿಗಿಂತ ಚಿಕ್ಕದಿರಬಾರದು, ಔಷಧ ಕೆಡದಂತೆ ಇಡುವ ಸೌಕರ್ಯ ಇರಬೇಕು, ಚೀಟಿಯ ಮದ್ದನ್ನು ನೋಂದಾಯಿತ ಫಾರ್ಮಸಿಸ್ಟ್ ತಾನೇ ಕೊಡಬೇಕು ಅಥವಾ ಅವರ ಕಣ್ಣೆದುರು ಕೊಡಬೇಕು, ಖರೀದಿ ಮತ್ತು ಮಾರಾಟದ ಲೆಕ್ಕ ಇಡಬೇಕು. ಇಷ್ಟೆಲ್ಲ ಕೇಳುವ ನಿಯಮ ಒಂದು ಪ್ರಶ್ನೆಯನ್ನು ಕೇಳುವುದಿಲ್ಲ: ಜೀವ ಉಳಿಸುವ ಮದ್ದು ಈ ಅಂಗಡಿಯಲ್ಲಿ ಇದೆಯೇ? 2013ರ ಔಷಧ ಬೆಲೆ ನಿಯಂತ್ರಣ ಆದೇಶ ಇರುವ ಮದ್ದನ್ನು ಕಾರಣವಿಲ್ಲದೆ ನಿರಾಕರಿಸಬಾರದು ಎನ್ನುತ್ತದೆ. ತರಿಸಿ ಇಡಲೇಬೇಕು ಎನ್ನುವುದಿಲ್ಲ. ಅಗ್ಗದ, ಲಾಭ ಕಡಿಮೆಯಿರುವ, ಅಪರೂಪಕ್ಕೆ ಯಾರೋ ಕೇಳುವ, ಅವಧಿ ಮುಗಿದರೆ ಎಸೆಯಬೇಕಾದ ಆಂಪೂಲನ್ನು ವ್ಯಾಪಾರಿ ತಾನಾಗಿ ತರಿಸುವುದಿಲ್ಲ. ಅಂಗಡಿಯ ಅಳತೆ ಸರಿಯಾಗಿದೆ, ಅದರ ಕಪಾಟಿನಲ್ಲಿ ಅಡ್ರಿನಲಿನ್ ಇಲ್ಲ.

ನಿಯಮವನ್ನು ಮುಟ್ಟಬಾರದು ಎನ್ನುವವರು ಅದು ಎಷ್ಟು ಸಲ ಬದಲಾಗಿದೆ ಎಂಬುದನ್ನು ಮರೆತಿದ್ದಾರೆ. 2014ರ ಮಾರ್ಚ್‌ನಿಂದ ಎಚ್1 ಅನುಸೂಚಿ ಜಾರಿಗೆ ಬಂದು ಕೆಲವು ಆಂಟಿಬಯಾಟಿಕ್‌ಗಳಿಗೆ ಪ್ರತ್ಯೇಕ ರಿಜಿಸ್ಟರ್ ಕಡ್ಡಾಯವಾಯಿತು. 2017ರ ಅಕ್ಟೋಬರಿನಲ್ಲಿ ಐದು ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸುವ ಪದ್ಧತಿ ಹೋಗಿ, ಶುಲ್ಕ ಕಟ್ಟಿದರೆ ಪರವಾನಗಿ ಮುಂದುವರಿಯುವ ವ್ಯವಸ್ಥೆ ಬಂತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 26ರಂದು, ಮನೆಬಾಗಿಲಿಗೆ ಔಷಧ ತಲುಪಿಸಲು ಅನುಮತಿ ಸಿಕ್ಕಿತು. 2022ರ ಮೇ ತಿಂಗಳಲ್ಲಿ ಪ್ಯಾರಾಸಿಟಮಾಲ್, ಪೊವಿಡೋನ್ ಅಯೋಡಿನ್ ಸೇರಿ 16 ಔಷಧಗಳನ್ನು ಚೀಟಿಯಿಲ್ಲದೆ ಮಾರುವ ಕರಡು ಹೊರಬಿತ್ತು. ವ್ಯಾಪಾರಿಯ ಅನುಕೂಲ, ಗಿರಾಕಿಯ ಅನುಕೂಲ, ಸೋಂಕುರೋಗದ ತುರ್ತು, ಎಲ್ಲಕ್ಕೂ ನಿಯಮ ಬಾಗಿತು. ನಿಮಿಷಗಳಲ್ಲಿ ಸಾಯುವವರ ಪಾಲಿಗೆ ಬಂದಾಗ ಮಾತ್ರ ಅದು ಕಲ್ಲಾಯಿತು.

ಕಾಗದದ ಬಿಗಿ ಬೀದಿಯ ಬಿಗಿಯೂ ಅಲ್ಲ. ಗೋಡೆಯ ಮೇಲೆ ಫಾರ್ಮಸಿಸ್ಟರ ಪ್ರಮಾಣಪತ್ರ ತೂಗುತ್ತಿದ್ದು ಆ ವ್ಯಕ್ತಿ ಅಂಗಡಿಗೇ ಬಾರದಿರುವ ‘ಸರ್ಟಿಫಿಕೇಟ್ ಬಾಡಿಗೆ’ ಪದ್ಧತಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಚೀಟಿಯಿಲ್ಲದೆ ಆಂಟಿಬಯಾಟಿಕ್, ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್ ಮುಲಾಮು ಸಿಗುತ್ತವೆ. ದುರ್ಬಳಕೆಯಿಂದ ಸಮಾಜಕ್ಕೇ ಹಾನಿಯಾಗುವ ಮದ್ದು ಸೋರಿಹೋಗುತ್ತದೆ. ಯಾರೂ ಮೋಜಿಗೆ ಚುಚ್ಚಿಕೊಳ್ಳದ, ಚಟ ಹಿಡಿಸದ ಅಡ್ರಿನಲಿನ್ ಬಂಧನದಲ್ಲಿರುತ್ತದೆ.

ಮದ್ದೇ ಅಪಾಯ ಎಂಬ ವಾದ

ಅಡ್ರಿನಲಿನ್ ಹೃದಯವನ್ನು ಓಡಿಸುತ್ತದೆ, ತಪ್ಪಾಗಿ ಕೊಟ್ಟರೆ ಕೊಲ್ಲುತ್ತದೆ ಎನ್ನುವುದು ಎರಡನೆಯ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ರಕ್ತನಾಳಕ್ಕೆ ನೇರವಾಗಿ, ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಅದು ಅಪಾಯಕಾರಿಯೇ. ಸ್ನಾಯುವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಆಗುವುದು ಎದೆಬಡಿತ, ನಡುಕ, ಮುಖ ಬಿಳಿಚುವುದು, ಸ್ವಲ್ಪ ಹೊತ್ತಿನ ಕಳವಳ. ಅನಾಫಿಲ್ಯಾಕ್ಸಿಸ್ ಆದವರಿಗೆ ಅದನ್ನು ಕೊಡಲೇಬಾರದು ಎನ್ನುವಂಥ ಸ್ಥಿತಿ ಯಾವುದೂ ಇಲ್ಲ ಎಂಬುದು ವಿಶ್ವ ಅಲರ್ಜಿ ಸಂಘಟನೆಯ ಮಾರ್ಗಸೂಚಿಯ ನಿಲುವು. ಹೃದ್ರೋಗಿಯ ವಿಷಯದಲ್ಲೂ ಮದ್ದು ಕೊಡದಿರುವುದೇ ದೊಡ್ಡ ಅಪಾಯ.

ನಿಜವಾದ ತೊಡಕು ಗಾಜಿನ ಆಂಪೂಲಿನಲ್ಲಿದೆ. ಕೆನಡಾದ ಎಸ್ಟೆಲ್ ಸೈಮನ್ಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆಂಪೂಲು ಒಡೆದು ಶಿಶುವಿನ ಡೋಸನ್ನು ಸಿರಿಂಜಿಗೆ ಎಳೆಯಲು ತಂದೆತಾಯಿಗಳಿಗೆ ಸರಾಸರಿ 142 ಸೆಕೆಂಡು ಹಿಡಿಯಿತು; ತುರ್ತು ವಿಭಾಗದ ದಾದಿಯರಿಗೆ 29. ತಂದೆತಾಯಿಗಳು ಎಳೆದ ಪ್ರಮಾಣಗಳ ನಡುವೆ ನಲವತ್ತು ಪಟ್ಟು ವ್ಯತ್ಯಾಸವಿತ್ತು. ಬಿಗಿನಿಯಮದ ಪಕ್ಷದವರು ಈ ಅಂಕಿಯನ್ನು ತಮ್ಮ ಸಾಕ್ಷಿಯಾಗಿ ಎತ್ತಿಕೊಳ್ಳುತ್ತಾರೆ. ಅದು ಹೇಳುವುದೇ ಬೇರೆ: ಮದ್ದನ್ನು ಅಳತೆ ಮಾಡಿ ತುಂಬಿದ ಸಾಧನ ಬೇಕು. ಅಂಥ ಸಾಧನ 1987ರಿಂದ ಅಮೆರಿಕದ ಮಾರುಕಟ್ಟೆಯಲ್ಲಿದೆ, ಎಪಿಪೆನ್ ಹೆಸರಿನಲ್ಲಿ. ಮೂಲ ತಂತ್ರ ಸೈನಿಕರಿಗಾಗಿ ರೂಪಿಸಿದ ಸ್ವಯಂಚಾಲಿತ ಸೂಜಿಯದು. ಭಾರತದ ಬೀದಿಯ ಅಂಗಡಿಗಳಲ್ಲಿ ಅದು ಸಿಗುವ ಸರಕಲ್ಲ. ಬೇಕಾದವರು 12ಎ ನಮೂನೆಯಲ್ಲಿ ಅರ್ಜಿ ಹಾಕಿ, 12ಬಿ ಅನುಮತಿ ಪಡೆದು, ಸ್ವಂತ ಬಳಕೆಗೆ ವಿದೇಶದಿಂದ ತರಿಸಿಕೊಳ್ಳಬೇಕು. ಹೊರದೇಶದಲ್ಲಿ ನೆಂಟರಿರುವ ಮನೆಗೆ ಎಪಿಪೆನ್, ಉಳಿದವರಿಗೆ ಏವಿಲ್: ನಿಯಮ ಕಾಪಾಡುತ್ತಿರುವ ಸಮಾನತೆ ಇದು.

ಸಾಮಾನ್ಯರ ಕೈಗೆ ಸೂಜಿ ಕೊಡಬಾರದು ಎಂಬ ವಾದ

ವೈದ್ಯರಲ್ಲದವರು ಅಡ್ರಿನಲಿನ್ ಚುಚ್ಚಬಾರದು ಎನ್ನುವ ಮೂರನೆಯ ಆಕ್ಷೇಪವನ್ನು ಸರ್ಕಾರವೇ ಬಿಟ್ಟುಕೊಟ್ಟಿದೆ. ಲಸಿಕಾ ಕಾರ್ಯಕ್ರಮದಲ್ಲಿ ಮಗುವಿಗೆ ಅನಾಫಿಲ್ಯಾಕ್ಸಿಸ್ ಆದರೆ ವಯಸ್ಸಿಗೆ ತಕ್ಕ ಒಂದು ಡೋಸು ಅಡ್ರಿನಲಿನ್ ಚುಚ್ಚಿ ದೊಡ್ಡ ಆಸ್ಪತ್ರೆಗೆ ಕಳುಹಿಸಲು ಕಿರಿಯ ಆರೋಗ್ಯ ಸಹಾಯಕಿಯರಿಗೆ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಅದಕ್ಕೆಂದೇ ಕಿಟ್ ಇದೆ, ಪ್ರಮಾಣದ ಪಟ್ಟಿ ಇದೆ. ಕೋವಿಡ್ ಲಸಿಕಾ ಕೇಂದ್ರಗಳು ನಡೆದದ್ದೂ ಈ ಕಿಟ್ಟಿನ ಮತ್ತು ಅರ್ಧ ಗಂಟೆಯ ನಿಗಾವಣೆಯ ಭರವಸೆಯ ಮೇಲೆ. ಆರೋಗ್ಯ ಸಹಾಯಕಿಯ ತರಬೇತಿ ಎರಡು ವರ್ಷದ್ದು. ಡಿಫಾರ್ಮಾ, ಅಂದರೆ ಫಾರ್ಮಸಿ ಡಿಪ್ಲೊಮಾ, ಓದಿದ ಫಾರ್ಮಸಿಸ್ಟ್ ಕಲಿಯುವುದೂ ಎರಡು ವರ್ಷ, ಮೇಲೆ 500 ಗಂಟೆಯ ಪ್ರಾಯೋಗಿಕ ತರಬೇತಿ. ಒಬ್ಬರ ಕೈಯಲ್ಲಿ ಸುರಕ್ಷಿತವಾದ ಮದ್ದು ಇನ್ನೊಬ್ಬರ ಕೈಯಲ್ಲಿ ವಿಷವಾಗುವುದಕ್ಕೆ ವಿಜ್ಞಾನದಲ್ಲಿ ಕಾರಣವಿಲ್ಲ.

ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಬ್ರಿಟನ್ನಿನ 2012ರ ಮಾನವ ಔಷಧ ನಿಯಮಗಳು ತುರ್ತಿನಲ್ಲಿ ಜೀವ ಉಳಿಸಲು ಯಾರು ಬೇಕಾದರೂ ಅಡ್ರಿನಲಿನ್ ಚುಚ್ಚಬಹುದೆಂದು ಒಪ್ಪುತ್ತವೆ. 2017ರ ಅಕ್ಟೋಬರಿನಿಂದ ಅಲ್ಲಿನ ಶಾಲೆಗಳು ಚೀಟಿಯಿಲ್ಲದೆ ಸಾಧನ ಖರೀದಿಸಿ ಇಟ್ಟುಕೊಳ್ಳಬಹುದು. ಆಸ್ಟ್ರೇಲಿಯದಲ್ಲಿ ಫಾರ್ಮಸಿಸ್ಟ್ ತಾನೇ ವಿಚಾರಿಸಿ ಚೀಟಿಯಿಲ್ಲದೆ ಕೊಡುತ್ತಾರೆ. ಕೆನಡಾದ ಒಂಟಾರಿಯೊ 2006ರಿಂದ ಶಾಲೆಗಳಿಗೆ ಅಲರ್ಜಿಯ ಯೋಜನೆಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದೆ. ಇವು ಔಷಧ ನಿಯಂತ್ರಣ ಸಡಿಲವಾಗಿರುವ ದೇಶಗಳೆಂದು ಯಾರೂ ಹೇಳಲಾರರು.

108 ಇದೆಯಲ್ಲ ಎಂಬ ವಾದ

2008ರಿಂದ ಕರ್ನಾಟಕದಲ್ಲಿ ಆರೋಗ್ಯ ಕವಚ 108 ಆಂಬುಲೆನ್ಸ್ ಓಡುತ್ತಿದೆ, ನಗರದಲ್ಲಿ ಸರ್ಕಾರದ ನಮ್ಮ ಕ್ಲಿನಿಕ್‌ಗಳಿವೆ, ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ ಎನ್ನುವುದು ನಾಲ್ಕನೆಯ ಮಾತು. 108ಕ್ಕೆ ಕರೆ ಮಾಡಲೇಬೇಕು, ಅಡ್ರಿನಲಿನ್ ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸುವುದುಂಟು. ಆದರೆ ಹೆಚ್ಚಿನ ನಮ್ಮ ಕ್ಲಿನಿಕ್‌ಗಳು ಸಂಜೆಯೇ ಮುಚ್ಚುತ್ತವೆ. ತಲಘಟ್ಟಪುರದಿಂದ ಸರ್ಕಾರಿ ಸಾರ್ವತ್ರಿಕ ಆಸ್ಪತ್ರೆಯಿರುವ ಜಯನಗರ ಮೆಟ್ರೊ ಹಸಿರು ಮಾರ್ಗದಲ್ಲಿ ಎಂಟನೆಯ ನಿಲ್ದಾಣ. 2021ರ ಜನವರಿಯಲ್ಲಿ ಬಂದ ಈ ಮೆಟ್ರೊ ದಾರಿ ಎಲ್ಲಕ್ಕಿಂತ ವೇಗದ್ದು, ಆದರೂ ರೈಲಿನಲ್ಲೇ ಸುಮಾರು ಕಾಲು ಗಂಟೆ. ಖಾಸಗಿ ಆಸ್ಪತ್ರೆ ಇನ್ನೂ ಹತ್ತಿರವಿರಬಹುದು, ಸಂಜೆಯ ಹೊತ್ತು ಕನಕಪುರ ರಸ್ತೆಯಲ್ಲಿ ಆ ಹತ್ತಿರವೂ ದೂರವೇ. ಅದೇ ರಸ್ತೆಯಲ್ಲಿ ಕಗ್ಗಲೀಪುರ, ಹಾರೋಹಳ್ಳಿಯ ಕಡೆಗೆ ಸಾಗಿದಷ್ಟೂ ಲೆಕ್ಕ ಕಠಿಣವಾಗುತ್ತದೆ. ಔಷಧ ಅಂಗಡಿ ಮಾತ್ರ ಪ್ರತಿ ಬಡಾವಣೆಯ ಮೂಲೆಯಲ್ಲೂ ಇದೆ, ರಾತ್ರಿ ಹತ್ತರವರೆಗೂ ತೆರೆದಿರುತ್ತದೆ. ಆಂಬುಲೆನ್ಸಿಗೆ ಬೇಕಾದ ಸಮಯವನ್ನು ಉಳಿಸಿಕೊಡಬಲ್ಲದ್ದು ಅದೊಂದೇ.

ಬಳ್ಳಾರಿಯ ನೆನಪು

ಐದನೆಯ ಆಕ್ಷೇಪ ತೂಕದ್ದು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ಪಶ್ಚಿಮ ಬಂಗಾಳದ ಕಂಪನಿಯೊಂದರ ರಿಂಗರ್ ಲ್ಯಾಕ್ಟೇಟ್ ದ್ರವದ ಗುಣಮಟ್ಟದ ಮೇಲೆ ಅನುಮಾನ ಬಿದ್ದು, ರಾಜ್ಯದಲ್ಲಿ ಅದರ ಬಳಕೆ ನಿಂತಿತು. ಅದಾದ ಮೇಲೂ ಔಷಧ ನಿಯಮ ಬದಲಿಸಿ ಎನ್ನುವುದು ಹೊಣೆಗೇಡಿತನವೆಂದು ಕೆಲವರಿಗೆ ತೋರುತ್ತದೆ. ಆದರೆ ಆ ದ್ರವ ಬೀದಿಯ ಅಂಗಡಿಯಿಂದ ಬಂದದ್ದಲ್ಲ. ಸರ್ಕಾರಿ ಖರೀದಿಯ ಮೂಲಕ, ವೈದ್ಯರಿರುವ ಆಸ್ಪತ್ರೆಯೊಳಗೆ ಬಳಕೆಯಾದದ್ದು. ಬಳ್ಳಾರಿ ಎತ್ತುವ ಪ್ರಶ್ನೆ ಕಾರ್ಖಾನೆಯ ತಪಾಸಣೆ, ಪ್ರಯೋಗಾಲಯದ ಪರೀಕ್ಷೆ, ಖರೀದಿಯ ಎಚ್ಚರಕ್ಕೆ ಸೇರಿದ್ದು. ಅಲ್ಲಿ ಬಿಗಿ ಸಾಲದು. ತಪಾಸಕರ ಕೊರತೆಯ ಉತ್ತರವನ್ನು ರೋಗಿಯ ಕೈಗೆ ಮದ್ದು ಸಿಗದಂತೆ ಮಾಡುವುದರಲ್ಲಿ ಹುಡುಕುವುದು ನೆಗಡಿಗೆ ಮೂಗು ಕೊಯ್ದುಕೊಂಡಂತೆ.

ಬದಲಾಗಬೇಕಾದದ್ದು

ಕೇಂದ್ರ ನಿಯಮಗಳಲ್ಲಿ ನಾಲ್ಕು ತಿದ್ದುಪಡಿ ಬೇಕು. ಮೊದಲನೆಯದು, ಚೀಟಿಯ ಮದ್ದು ಮತ್ತು ಯಾರಿಗಾದರೂ ಮಾರುವ ಮದ್ದುಗಳ ನಡುವೆ ಫಾರ್ಮಸಿಸ್ಟ್ ತನ್ನ ಹೊಣೆಯ ಮೇಲೆ ಕೊಡುವ ಮೂರನೆಯ ವರ್ಗ. ಅಡ್ರಿನಲಿನ್ ಅದರ ಮೊದಲ ಹೆಸರು. ಎರಡನೆಯದು, ಚಿಲ್ಲರೆ ಪರವಾನಗಿಯ ಷರತ್ತುಗಳಲ್ಲಿ ತುರ್ತು ಔಷಧಗಳ ಚಿಕ್ಕ ಕಡ್ಡಾಯ ದಾಸ್ತಾನು. ಅವಧಿ ಮುಗಿದದ್ದನ್ನು ತಯಾರಕರು ಬದಲಿಸಿಕೊಡಬೇಕೆಂಬ ಕಟ್ಟಳೆ ಇದ್ದರೆ ವ್ಯಾಪಾರಿಗೂ ನಷ್ಟವಿಲ್ಲ. ಮೂರನೆಯದು, ಮಾರಾಟ ನಿಯಮಗಳಿಂದ ವಿನಾಯಿತಿ ಕೊಡುವ ಕೆ ಅನುಸೂಚಿಯಲ್ಲಿ ಶಾಲೆ, ಹೋಟೆಲು, ಕಾರ್ಖಾನೆ, ಅಪಾರ್ಟ್‌ಮೆಂಟುಗಳಿಗೆ ತರಬೇತಿಯ ಷರತ್ತಿನ ಮೇಲೆ ವಿನಾಯಿತಿ. ನಾಲ್ಕನೆಯದು, ಅಳತೆ ಮಾಡಿ ತುಂಬಿದ ಸಿರಿಂಜು ಅಥವಾ ಸ್ವಯಂಚಾಲಿತ ಸೂಜಿಯನ್ನು ದೇಶದಲ್ಲೇ ತಯಾರಿಸಲು ಶೀಘ್ರ ಅನುಮೋದನೆ ಮತ್ತು ಬೆಲೆಮಿತಿ. ಅಮೆರಿಕದಲ್ಲಿ 2007ರಲ್ಲಿ ನೂರು ಡಾಲರಿನ ಆಸುಪಾಸಿನಲ್ಲಿದ್ದ ಎಪಿಪೆನ್ ಜೋಡಿ 2016ರ ವೇಳೆಗೆ ಆರುನೂರು ದಾಟಿದ್ದು ಬೆಲೆಮಿತಿ ಏಕೆ ಬೇಕೆಂಬುದನ್ನು ತೋರಿಸಿದೆ.

ಬಿಗಿಯೂ ಇದರ ಜೊತೆಗೇ ಬರಬೇಕು. ಫಾರ್ಮಸಿಸ್ಟ್ ಅಂಗಡಿಯಲ್ಲಿ ಖುದ್ದಾಗಿ ಇರಬೇಕೆಂಬ ನಿಯಮವನ್ನು ನಿಜವಾಗಿ ಜಾರಿ ಮಾಡಬೇಕು. ಅಡ್ರಿನಲಿನ್ ಬೆಳಕಿಗೂ ಶಾಖಕ್ಕೂ ಕೆಡುವ ಮದ್ದು. ಸಂಗ್ರಹದ ತಾಪಮಾನ, ಅವಧಿ, ಬಣ್ಣ ತಿರುಗಿದ ಆಂಪೂಲು ಇವುಗಳ ತಪಾಸಣೆ ಕಡ್ಡಾಯವಾಗಬೇಕು. ಕೊಟ್ಟ ಪ್ರತಿ ಡೋಸಿನ ದಾಖಲೆ ಇರಬೇಕು. ಅಳತೆ ಹಿಡಿದು ಕೋಣೆ ನೋಡುವ ತಪಾಸಕರು ಕಪಾಟು ತೆರೆದು ನೋಡುವಂತಾಗಬೇಕು.

ಮದ್ದು ಕೊಟ್ಟವರ ರಕ್ಷಣೆಯೂ ಅಸ್ಪಷ್ಟವಾಗಿದೆ. ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿರುವವರ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೆಯ ಸೆಕ್ಷನ್ ಆಸರೆಯಾಗಬಹುದು, ಆದರೆ ಅದು ಮೊಕದ್ದಮೆ ಬಂದ ಮೇಲಿನ ವಾದ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ನೆರವಿಗೆ ಬಂದವರನ್ನು ಮೊದಲೇ ರಕ್ಷಿಸುತ್ತದೆ, ಆದರೆ ರಸ್ತೆ ಅಪಘಾತಕ್ಕೆ ಮಾತ್ರ. ತರಬೇತಿ ಪಡೆದ ಶಿಕ್ಷಕರಿಗೂ ಫಾರ್ಮಸಿಸ್ಟರಿಗೂ ಅಂಥದೇ ರಕ್ಷಣೆ ಬರಹದಲ್ಲಿ ಸಿಗಬೇಕು.

ದೆಹಲಿಯ ತಿದ್ದುಪಡಿಗೆ ಕಾಯುತ್ತ ಕೂರುವ ಅಗತ್ಯ ಕರ್ನಾಟಕಕ್ಕಿಲ್ಲ. ಸರ್ಕಾರಿ ಆರೋಗ್ಯ ಕಾರ್ಯಕ್ರಮದಡಿ ಆರೋಗ್ಯ ಸಹಾಯಕಿಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಔಷಧ ಪೂರೈಸಲು ಕೆ ಅನುಸೂಚಿ ಈಗಾಗಲೇ ವಿನಾಯಿತಿ ಕೊಟ್ಟಿದೆ. ಔಷಧಗಳ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಷ್ಟ್ರಪತಿಗಳ ಅಂಕಿತದೊಡನೆ ರಾಜ್ಯ ತಿದ್ದುಪಡಿಯನ್ನೂ ತರಬಹುದು. ಲಸಿಕಾ ಕಿಟ್ಟಿನ ಮಾದರಿಯನ್ನು ಮಧ್ಯಾಹ್ನದ ಊಟ ನಡೆಯುವ ಶಾಲೆಗಳಿಗೆ ವಿಸ್ತರಿಸುವುದು, ಹತ್ತಿರದ ಆರೋಗ್ಯ ಸಹಾಯಕಿಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಿಸುವುದು, ದಾಖಲಾತಿಯ ಅರ್ಜಿಯಲ್ಲಿ ಅಲರ್ಜಿಯ ಒಂದು ಸಾಲು ಸೇರಿಸುವುದು, ಸಂಜೆಯ ನಂತರವೂ ತೆರೆದಿರುವ ಔಷಧ ಅಂಗಡಿಗಳಲ್ಲಿ ಅಡ್ರಿನಲಿನ್ ಇರುವಂತೆ ಔಷಧ ವ್ಯಾಪಾರಿಗಳ ಸಂಘದೊಡನೆ ಒಪ್ಪಂದ ಮಾಡಿಕೊಳ್ಳುವುದು, ಇವಕ್ಕೆ ಬೇಕಾದ ಮದ್ದು, ಮಾರ್ಗಸೂಚಿ, ಸಿಬ್ಬಂದಿ ಮೂರೂ ರಾಜ್ಯದ ಬಳಿ ಇವೆ. ಇಲ್ಲದಿರುವುದು ಆದೇಶ ಒಂದೇ.